ಚಟಪಟದ ಪುಸ್ತಕ

ಮನೆ, ಮುಂದಿನ ಕೋಣೆ, ನಿಮ್ಮದೇ ಮೇಜು
(ಬರ್ನರ್ ಆರಿಸಿದ್ದೇನೆ, ಸಿಲಿಂಡರಿನ ತಿರುಪೂ ಮುಚ್ಚಿದ್ದೇನೆ)
ಮಂಗಳವಾರ, ಮಾರ್ಚ್ ಹನ್ನೊಂದು

ಪ್ರೀತಿಯ ಅಪ್ಪ,

ಈ ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು ಮೂವತ್ತಾರು, ಉದ್ಯೋಗ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯಕ್ಕೂ ಒಳಗಾಗದೆ ತಪ್ಪೊಪ್ಪಿಕೊಳ್ಳುವುದೇನೆಂದರೆ: ನಿಮ್ಮ ಗಾಜಿನ ಕಪಾಟಿನ ಮೇಲಿನ ಸಾಲಿನ ಮೂರನೇ ಜಾಡಿ, ಅಂದರೆ ‘ಸಮುದ್ರದ ಹರಳುಪ್ಪು, ಮಾದರಿ, ಮುಟ್ಟಬಾರದು’ ಎಂದು ನೀವು ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿರುವ ಜಾಡಿಯಿಂದ ಒಂದು ಹಿಡಿ ಉಪ್ಪನ್ನು ಕದ್ದಿದ್ದೇನೆ. ಕದ್ದ ಮಾಲನ್ನು ಅಡುಗೆಮನೆಗೆ ಸಾಗಿಸಿದ್ದೇನೆ. ಸಾಕ್ಷ್ಯವನ್ನು ನಾನೂ ಅಮ್ಮನೂ ಸೇರಿ ಬದನೆಕಾಯಿಯ ಜೊತೆ ತಿಂದು ಮುಗಿಸಿದ್ದೇವೆ. ಉಪ್ಪು ಒಂದು ಚಿಟಿಕೆ ಜಾಸ್ತಿಯಾಗಿತ್ತು ಎಂಬುದನ್ನು ಬಿಟ್ಟರೆ ಆರೋಪಿಗೆ ಯಾವ ಪಶ್ಚಾತ್ತಾಪವೂ ಇಲ್ಲ.

ವಿಚಾರಣೆ ಆಮೇಲೆ ನಡೆಯಲಿ. ಮೊದಲು ನೀವು ಹೇಗಿದ್ದೀರಿ? ಆಪರೇಷನ್ನಾದ ಕಿವಿಯ ಹಿಂದಿನ ಹೊಲಿಗೆ ಪೂರ್ತಿ ಒಣಗಿತೇ? ಆ ಮಗ್ಗುಲಿಗೆ ಮಲಗಬೇಡಿ ಎಂದು ಡಾಕ್ಟರು ಹೇಳಿದ್ದು ನೆನಪಿದೆ ತಾನೇ? ತಲೆಸುತ್ತು ನಿಂತಿದ್ದರೂ ತಂಗಿ ಮನೆಯ ಮಹಡಿ ಮೆಟ್ಟಿಲನ್ನು ಗೋಡೆ ಹಿಡಿದೇ ಇಳಿಯಿರಿ. ಆ ಮೆಟ್ಟಿಲು ಕಟ್ಟಿದವನು ಹಿಂದಿನ ಜನ್ಮದಲ್ಲಿ ಏಣಿ ಮಾಡುತ್ತಿದ್ದಿರಬೇಕು. ಮೊಮ್ಮಗಳು, ಕಿವಿಯ ಯಂತ್ರಕ್ಕೆಂದು ನಿಮ್ಮ ತಲೆಯೊಳಗೆ ಕೂರಿಸಿದ ಅಯಸ್ಕಾಂತಕ್ಕೆ ಕೂದಲಿನ ಪಿನ್ನು ಅಂಟಿಸಿ ಆಡುತ್ತಾಳೆಂದು ತಂಗಿ ಬರೆದಿದ್ದಾಳೆ. ಆಡಲಿ ಬಿಡಿ. ಹಿತ್ತಾಳೆ ಕಿವಿ ಎನ್ನುವುದು ಇಷ್ಟು ದಿನ ಬೈಗುಳವಾಗಿತ್ತು. ನಿಮ್ಮದು ಟೈಟಾನಿಯಂ, ನಮ್ಮ ಮನೆತನದಲ್ಲಿ ಇಷ್ಟು ಬೆಲೆಬಾಳುವ ಕಿವಿ ಯಾರಿಗೂ ಇರಲಿಲ್ಲ. ಅಮ್ಮನ ಮಂಡಿನೋವು ನಿಮ್ಮ ಹತ್ತಿರ ಎರಡು ವಾರ ಇದ್ದು ಬಂದ ಮೇಲೆ ಹೆಚ್ಚೂ ಆಗಿಲ್ಲ, ಕಡಿಮೆಯೂ ಆಗಿಲ್ಲ, ಮಾತಿಗೆ ವಿಷಯವಾಗಿ ಉಳಿದಿದೆ.

ಈಗ ಸುದ್ದಿಗೆ ಬರುತ್ತೇನೆ. ನಿನ್ನೆ ಮಧ್ಯಾಹ್ನ ತಂಗಿಯ ಲಕೋಟೆ ಬಂತು. ಅವಳ ನಾಲ್ಕು ಪುಟದ ನಡುವೆ ನಿಮ್ಮ ಕೈಬರಹದ ಒಂದೂವರೆ ಸಾಲು ಸಿಕ್ಕಿತು. ‘ಯಂತ್ರ ಹಾಕ್ಕೊಂಡ್ರೆ ಬರೀ ಚಟಪಟ. ಮನುಷ್ಯರ ಮಾತೇ ಅಲ್ಲ. ಸಾಕಾಯ್ತು. ಶನಿವಾರದ ರೈಲಿಗೆ ಹೊರಟು ಬರ್ತೀನಿ.’ ಯಂತ್ರ ನಾಲ್ಕು ದಿನದಿಂದ ಕನ್ನಡಕದ ಡಬ್ಬಿಯಲ್ಲಿ ನಿದ್ದೆ ಮಾಡುತ್ತಿದೆ ಎಂದು ತಂಗಿ ದೂರು ಕೊಟ್ಟಿದ್ದಾಳೆ. ನಿಮಗೆ ಕೇಳಲು ಕಲಿಸುವ ಆ ಕಿವಿ ಟೀಚರಮ್ಮ ಹೇಳಿದ್ದನ್ನೂ ಬರೆದಿದ್ದಾಳೆ: ಮೂರು ತಿಂಗಳ ಅಭ್ಯಾಸ, ಮೊದಲ ತಿಂಗಳು ಎಲ್ಲರಿಗೂ ಚಟಪಟವೇ, ಈಗ ಬಿಟ್ಟು ಹೋದರೆ ಮತ್ತೆ ಶುರು ಮಾಡುವವರು ತೀರಾ ಕಡಿಮೆ. ಫೋನು ಮಾಡಿ ನಿಮ್ಮನ್ನು ಗದರಿಸೋಣವೆಂದರೆ ಅದಕ್ಕೂ ನೀವು ಆ ಯಂತ್ರವನ್ನೇ ಹಾಕಿಕೊಳ್ಳಬೇಕು. ಹಾಗಾಗಿ ಈ ಕಾಗದ. ಶುಕ್ರವಾರದೊಳಗೆ ಇದು ನಿಮ್ಮ ಕೈ ಸೇರಬೇಕು. ನೀವು ಶನಿವಾರ ರೈಲು ಹತ್ತಬಾರದು. ನನ್ನ ಅರ್ಜಿ ಇಷ್ಟೇ. ಉಳಿದದ್ದೆಲ್ಲ ಅದಕ್ಕೆ ಲಗತ್ತು.

ಕಳ್ಳತನಕ್ಕೆ ಬರೋಣ. ಹೋದ ವಾರದ ಹಿಂದಿನ ಭಾನುವಾರ ಅಡುಗೆಮನೆಯಲ್ಲಿ ಉಪ್ಪು ಮುಗಿದಿತ್ತು. ಅಂಗಡಿಗೆ ಹೋಗು ಎಂದಳು ಅಮ್ಮ. ಹೋಗಿ ಬಂದೆ ಎಂದು ಹೇಳಿ ನಾನು ನಿಮ್ಮ ಕಪಾಟಿಗೆ ಹೋಗಿ ಬಂದೆ. ಹರಳು ದಪ್ಪಗಿದ್ದವು, ಕುಟ್ಟುವ ಮೊದಲು ಬಿಸಿ ಮಾಡೋಣವೆಂದು ಬರಿ ಬಾಣಲೆಗೆ ಸುರಿದೆ. ಅಮ್ಮ ಆ ಕಡೆ ತಿರುಗಿ ಬದನೆಕಾಯಿ ಹೆಚ್ಚುತ್ತಿದ್ದಳು. ಉಪ್ಪು ಚಟಪಟ ಎನ್ನಲು ಶುರು ಮಾಡಿತು. ಅವಳು ಕತ್ತು ಕೂಡ ತಿರುಗಿಸಲಿಲ್ಲ. “ಲೋ, ಇದು ಅಂಗಡಿ ಉಪ್ಪಲ್ಲ. ನಿಮ್ಮಪ್ಪನ ಮೂರನೇ ಜಾಡೀದು” ಎಂದಳು. ಹೇಗೆ ಗೊತ್ತಾಯ್ತು ಎಂದರೆ, “ಅಂಗಡೀದು ಪಿಟಿಪಿಟಿ ಅಂದು ಸುಮ್ಮನಾಗುತ್ತೆ. ಇದು ನಿಮ್ಮ ದೊಡ್ಡತ್ತೆ ಥರ, ನಡುವೆ ಉಸಿರು ತಗೊಂಡು ಮತ್ತೆ ಶುರು ಮಾಡುತ್ತೆ” ಎಂದಳು. ರಸಾಯನಶಾಸ್ತ್ರದಲ್ಲಿ ಎರಡು ಪದವಿ ಪಡೆದ ನಾನು ಕೈಯಲ್ಲಿ ಸೌಟು ಹಿಡಿದು ಬೆಪ್ಪನ ಹಾಗೆ ನಿಂತಿದ್ದೆ.

ಉಪ್ಪು ಯಾಕೆ ಸಿಡಿಯುತ್ತದೆ ಎನ್ನುವುದನ್ನು ನನಗೆ ಹೇಳಿಕೊಟ್ಟವರು ನೀವೇ, ಇದೇ ಮೇಜಿನ ಪಕ್ಕ, ನನಗೆ ಹತ್ತು ವರ್ಷವಿದ್ದಾಗ. “ಹರಳು ಬೆಳೆಯೋವಾಗ ಆತುರಪಟ್ರೆ ಸುತ್ತಲಿನ ನೀರನ್ನೂ ನುಂಗಿಬಿಡುತ್ತೆ ಕಣೋ, ನೀನು ಊಟ ಅಗಿಯದೆ ನುಂಗ್ತೀಯಲ್ಲ ಹಾಗೆ” ಎಂದಿದ್ದಿರಿ. ಕಣ್ಣಿಗೆ ಕಾಣದಷ್ಟು ಸಣ್ಣ ಗೂಡುಗಳಲ್ಲಿ ಸಿಕ್ಕಿಕೊಂಡ ಆ ನೀರಿಗೆ ಬಾಗಿಲಿಲ್ಲ, ಕಿಟಕಿಯಿಲ್ಲ. ಬಿಸಿ ತಾಗಿದರೆ ಹಿಗ್ಗುತ್ತದೆ, ಆವಿಯಾಗಲು ನೋಡುತ್ತದೆ, ಜಾಗ ಸಾಲದೆ ಗೋಡೆ ಒಡೆದುಕೊಂಡು ಹೊರಬರುತ್ತದೆ. ಅದೇ ಚಟ್. ಆಮೇಲೆ ನೀವು ಜಿಪ್ಸಂ ಕಾಯಿಸಿ ತೋರಿಸಿದಿರಿ. ಅದರ ಮೈಯಲ್ಲಿ ಉಪ್ಪಿಗಿಂತ ಎಷ್ಟೋ ಪಾಲು ಹೆಚ್ಚು ನೀರಿದ್ದರೂ ಗಲಾಟೆಯೇ ಇಲ್ಲ. ಸುಮ್ಮನೆ ಬೆಳ್ಳಗಾಯಿತು, ಗಾಜಿನ ಕೊಳವೆಯ ಮೇಲ್ಭಾಗದಲ್ಲಿ ಬೆವರು ಕೂತಿತು. “ಇದರ ನೀರು ರೇಷನ್ ಕಾರ್ಡಿನಲ್ಲಿ ಹೆಸರಿರೋ ನೀರು. ಪ್ರತಿ ಕಣದ ಪಕ್ಕದಲ್ಲೂ ಅದಕ್ಕೆ ಲೆಕ್ಕದ ಜಾಗ ಇದೆ, ಮರ್ಯಾದೆಯಾಗಿ ಹೊರಡುತ್ತೆ. ಉಪ್ಪಿನದು ಕಳ್ಳ ನೀರು, ಅದಕ್ಕೇ ರಂಪ” ಎಂದಿರಿ. ಫ್ಲೋರೈಟ್ ಎಂಬ ಹರಳುಗಲ್ಲಿನಲ್ಲಿ ನೀರಿನ ಹನಿ ಸಿಗದಿದ್ದರೂ ಅದು ಸಿಡಿಯಿತು. ಅದೇಕೆಂದು ಕೇಳಿದ್ದಕ್ಕೆ ನೀವು ಹೇಳಿದ್ದನ್ನು ನಾನು ಇವತ್ತಿಗೂ ತರಗತಿಯಲ್ಲಿ ನನ್ನದೇ ಎಂಬಂತೆ ಹೇಳುತ್ತೇನೆ: “ಹೊರಗಿನ ಪದರ ಬಿಸಿಯಾಗಿ ಹಿಗ್ಗಿಬಿಟ್ಟಿದೆ, ಒಳಗಿನದಕ್ಕೆ ಇನ್ನೂ ಸುದ್ದಿಯೇ ಮುಟ್ಟಿಲ್ಲ. ಇಬ್ಬರ ನಡುವೆ ಬಿರುಕು ಬಿಡದೆ ಇನ್ನೇನಾಗುತ್ತೆ?” ಆ ಹರಳಿಗೆ ಸೀಳಲು ಸುಲಭವಾದ ದಿಕ್ಕುಗಳಿರುತ್ತವೆ, ಅಲ್ಲೇ ಬಿಚ್ಚಿಕೊಳ್ಳುತ್ತದೆ. ನಿಮಗೇ ಪಾಠ ಮಾಡುತ್ತಿದ್ದೇನೆ ನೋಡಿ. ಮೇಷ್ಟ್ರ ಚಟ, ಪಟ್ಟನೆ ಬಿಡುವುದಿಲ್ಲ.

ಇಷ್ಟು ನನಗೆ ಗೊತ್ತಿತ್ತು. ಆದರೆ ಯಾವ ಜಾಡಿಯ ಉಪ್ಪು ಎಂದು ಬೆನ್ನು ಹಾಕಿ ನಿಂತು ಹೇಳುವುದು ಅಮ್ಮನಿಗೆ ಹೇಗೆ ಗೊತ್ತು? ಕೇಳಿದರೆ “ಮೂವತ್ತು ವರ್ಷದಿಂದ ಆ ಗೋಡೆ ಈಚೆಗೆ ಸಂಸಾರ ಮಾಡ್ತಿದೀನಿ ಕಣೋ” ಎಂದು ಹೇಳಿ ಮುಖ ತಿರುಗಿಸಿದಳು. ಅಮ್ಮ ಮುಖ ತಿರುಗಿಸಿದರೆ ಅಲ್ಲೇನೋ ಇದೆ ಎಂದೇ ಅರ್ಥ. ಆ ದಿನ ಸಂಜೆ ನಾನು ಎರಡನೇ ಅಪರಾಧ ಮಾಡಿದೆ. ನಿಮ್ಮ ಮೇಜಿನ ಕೆಳಗಿನ ಖಾನೆ ತೆರೆದು, ನೀವು ಯಾರಿಗೂ ಮುಟ್ಟಲು ಬಿಡದ ಆ ಕಪ್ಪು ರಟ್ಟಿನ ದಪ್ಪ ಪುಸ್ತಕವನ್ನು ಓದಿದೆ. ಕ್ಷಮೆ ಕೇಳುವುದಿಲ್ಲ. ಇಷ್ಟು ಒಳ್ಳೆಯ ಪುಸ್ತಕವನ್ನು ಬಚ್ಚಿಟ್ಟ ನೀವೇ ಕ್ಷಮೆ ಕೇಳಬೇಕು.

ಊರಿಗೆಲ್ಲ ನೀವು ಕಲ್ಲಿನ ಡಾಕ್ಟರು. ಸುಣ್ಣದ ಭಟ್ಟಿಯವರು, ಗಾಜಿನ ಕಾರ್ಖಾನೆಯವರು ಕಲ್ಲು ಕೊಳ್ಳುವ ಮೊದಲು ಚೀಲದಲ್ಲಿ ಒಂದಿಷ್ಟು ತಂದು ಈ ಮೇಜಿನ ಮೇಲಿಡುತ್ತಾರೆ: ಉರಿಗೆ ಹಾಕಿದರೆ ಇದು ಗಟ್ಟಿ ನಿಲ್ಲುತ್ತದೋ, ಸಿಡಿದು ಪುಡಿಯಾಗುತ್ತದೋ? ನೀವು ನಾಲ್ಕು ಹರಳನ್ನು ಕೊಳವೆಗೆ ಹಾಕಿ ಬಿಸಿ ಮಾಡಿ, ಕಿವಿಗೊಟ್ಟು, ಒಂದು ಮಾತು ಹೇಳುತ್ತೀರಿ. ಆಮೇಲೆ ಕುಲುಮೆ, ಜರಡಿ, ತಕ್ಕಡಿ. ಜರಡಿ ಒಪ್ಪಿದ ಮೇಲೇ ನಿಮ್ಮ ಸಹಿ. ಇದೆಲ್ಲ ನಾನು ನೋಡಿಯೇ ಬೆಳೆದದ್ದು. ಪುಸ್ತಕದಲ್ಲಿ ‘ಶಬ್ದ’ ಎಂಬ ಒಂದು ಕಲಂ ಇದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಬರೈಟ್: ಪಟಾರ್, ಬಾಗಿಲು ಬಡಿದ ಹಾಗೆ. ಫ್ಲೋರೈಟ್: ಟಿಕ್ ಟಿಕ್, ಉಗುರು ಕತ್ತರಿಸಿದ ಹಾಗೆ. ಬೆಣಚುಕಲ್ಲು: ಬಹಳ ಹೊತ್ತು ಏನೂ ಇಲ್ಲ, ಎದ್ದು ಹೋಗೋಣ ಅನ್ನುವಾಗ ಒಂದು ಚಟ್. ಒಂದು ಕಡೆ ‘ಮಗಳು ಸಿಟ್ಟಿನಲ್ಲಿ ಪೆನ್ಸಿಲ್ ಮುರಿದ ಹಾಗೆ’ ಎಂದಿದೆ. ತಂಗಿಗೆ ತೋರಿಸಿ, ಖುಷಿಪಡುತ್ತಾಳೆ.

ಆರು ವರ್ಷದ ಹಿಂದಿನ ಪುಟಗಳಿಗೆ ಬಂದಾಗ ಆ ಕಲಂ ಬಡವಾಗತೊಡಗುತ್ತದೆ. ಮೊದಲು ಟಿಕ್ ಟಿಕ್‌ಗಳು ಮಾಯವಾದವು. ಸಣ್ಣ ಶಬ್ದಗಳೇ ಮೊದಲು ಹೋದವು, ಅಲ್ಲವೇ ಅಪ್ಪ? ಆಮೇಲೆ ಬರೀ ಪಟಾರ್‌ಗಳು. ಆಮೇಲೆ ಹನ್ನೊಂದು ದಿನ ಅಡ್ಡಗೆರೆ. ಹನ್ನೆರಡನೇ ದಿನದಿಂದ ಶಬ್ದದ ಕಲಮಿನಲ್ಲಿ ಮಾತ್ರ ಅಕ್ಷರ ದುಂಡಗಾಗಿದೆ. ಮನೆಯ ಸಾಮಾನಿನ ಚೀಟಿಯಲ್ಲಿ ನಾನು ದಿನಾ ನೋಡುವ ಅಕ್ಷರ ಅದು. ‘ಒಗೆದ ಬಟ್ಟೆ ಕೊಡವಿದ ಹಾಗೆ.’ ‘ನೀವು ಬೆರಳಿನ ನೆಟಿಕೆ ಮುರಿಯೋ ಹಾಗೆ.’ ‘ಅಂಗಿ ಗುಂಡಿ ಕಿತ್ತು ನೆಲಕ್ಕೆ ಬಿದ್ದ ಹಾಗೆ, ಆಮೇಲೆ ಉರುಳಿದ ಹಾಗೆ.’ ಒಂದು ದಿನ, ಯಾವುದೋ ಗಾಜಿನ ಕಾರ್ಖಾನೆಯ ಕಲ್ಲಿನ ಮುಂದೆ: ‘ಇವತ್ತು ಕಲ್ಲು ಏನೂ ಅನ್ನಲಿಲ್ಲ. ನೀವೂ ಏನೂ ಅನ್ನಲಿಲ್ಲ.’ ನಾನು ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋದೆ.

ಅಮ್ಮನನ್ನು ಕೇಳಿದೆ. ಮೊದಲು ಬೈದಳು, ಆಮೇಲೆ ಹೇಳಿದಳು. ಕಲ್ಲು ತಂದವರ ಎದುರು ನೀವು ಕಣ್ಣು ಮುಚ್ಚಿ ಕೊಳವೆ ಹಿಡಿದು ಕೂರುವುದು, ಅವಳು ಒಂದು ಲೋಟ ನೀರು ತಂದು ಮೇಜಿನ ಮೇಲಿಡುವುದು. ಎಡಕ್ಕಿಟ್ಟರೆ ಸಿಡಿಯುವ ಕಲ್ಲು, ಬಲಕ್ಕಿಟ್ಟರೆ ಒಳ್ಳೆಯ ಕಲ್ಲು. “ಎಂಥಾ ಕಿವಿ ಸ್ವಾಮಿ ನಿಮ್ಮದು” ಎಂದು ಅವರು ಹೊಗಳುವಾಗ ಆ ಕಿವಿಯ ಒಡತಿ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಆರು ವರ್ಷ! ಆಪರೇಷನ್ನಿನ ಮಾತು ಬರುವವರೆಗೂ, ಒಂದೇ ಮನೆಯಲ್ಲಿ ಊಟ ಮಾಡುತ್ತಿದ್ದ ನನಗೆ ತಿಳಿದದ್ದು ಅಪ್ಪನಿಗೆ ಈಚೆಗೆ ಬಾಯಾರಿಕೆ ಜಾಸ್ತಿ ಎಂದು ಮಾತ್ರ. ಊಟಕ್ಕೆ ಕೂತಾಗ ನನ್ನ ಜೋಕಿಗೆ ಎಲ್ಲರೂ ನಕ್ಕ ಮೇಲೆ ನೀವು ಒಂದು ಗಳಿಗೆ ತಡವಾಗಿ ನಗುತ್ತಿದ್ದಿರಿ. ಅದನ್ನು ನಾನು ನಿಮ್ಮ ಗಾಂಭೀರ್ಯ ಅಂದುಕೊಂಡಿದ್ದೆ. ಒಮ್ಮೊಮ್ಮೆ ನನ್ನ ಜೋಕಿನ ಆಳ ಅಂದುಕೊಂಡದ್ದೂ ಉಂಟು. “ಒಂದು ಸಲ ಹೇಳಿದ್ರೆ ಕೇಳಿಸಲ್ವಾ ಅಪ್ಪ?” ಎಂದು ನಾನು ರೇಗಿದ ದಿನಗಳು ಯಾವ ಪುಸ್ತಕದಲ್ಲೂ ಬರೆದಿಲ್ಲವೆಂದು ಈಗ ಸಮಾಧಾನಪಟ್ಟುಕೊಳ್ಳುತ್ತಿದ್ದೇನೆ.

ಅಷ್ಟರಲ್ಲಿ ಹೋದ ಬುಧವಾರ ಬಿಳಿಹುಬ್ಬಿನ ಯಜಮಾನರು ಬಂದರು. ಅದೇ, ಸುಣ್ಣದ ಭಟ್ಟಿಯವರು. ಈಗ ರೆಪ್ಪೆಯೂ ಬೆಳ್ಳಗಾಗಿದೆ. ಮೂರು ಕಲ್ಲುಗಣಿಯ ಮೂರು ಚೀಲ ತಂದಿದ್ದರು. ಹಿಂದಿನ ಸಲ ತಂದ ಯಾವುದೋ ಕಲ್ಲು ಭಟ್ಟಿಯೊಳಗೇ ಸಿಡಿದು ಹಿಟ್ಟಾಗಿ, ಕಲ್ಲಿಗೂ ಕಲ್ಲಿಗೂ ನಡುವೆ ಗಾಳಿಯಾಡದೆ ಉರಿ ಉಸಿರುಕಟ್ಟಿ ಸತ್ತಿತಂತೆ. “ಡಾಕ್ಟರಿಲ್ವಾ?” ಎಂದರು. ಕಾಂಪೌಂಡರ್ ಇದ್ದೇನೆ ಎಂದೆ. ಕಲ್ಲಿಗೆ ಮಣ್ಣು ಮೆತ್ತಿಕೊಂಡಿತ್ತು. ಚೊಕ್ಕಟವಾಗಿ ತೊಳೆದೆ. ತೊಳೆದವನೇ ಕೊಳವೆಗೆ ಹಾಕಿ ಕಾಯಿಸಿದೆ. ಮೂರೂ ಸಿಡಿದವು. ಮೂರೂ ಕೆಟ್ಟ ಕಲ್ಲೆಂದು ತೀರ್ಪು ಕೊಟ್ಟು, ಯಜಮಾನರಿಗೆ ಅರ್ಧ ಗಂಟೆ ಭಾಷಣವನ್ನೂ ಕೊಟ್ಟೆ. ಅವರ ಮುಖ ಹುಬ್ಬಿನ ಬಣ್ಣಕ್ಕೆ ತಿರುಗಿತು. ಆಗ ಅಡುಗೆಮನೆಯಿಂದ ಕೂಗು ಬಂತು: “ಒದ್ದೆ ಕಲ್ಲು ಕಾಯಿಸ್ತಿದೀಯೇನೋ? ಮೊದಲು ಸುಂಯ್ ಅಂತಿದೆ!” ಮೇಲೆ ಹತ್ತಿದ ನೀರಿನ ಸದ್ದನ್ನು ಒಳಗಿನ ನೀರಿನ ಸದ್ದೆಂದು ತಿಳಿದ ರಸಾಯನಶಾಸ್ತ್ರದ ಮೇಷ್ಟ್ರನ್ನು ಯಜಮಾನರು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ‘ತೊಳೆದ ಕಲ್ಲು ಎರಡು ದಿನ ಬಿಸಿಲು ಕಾಯಬೇಕು’ ಎಂದು ಗೋಡೆಯ ಮೇಲೆ ನೀವೇ ಬರೆದು ಅಂಟಿಸಿದ್ದೀರಿ. ನಾನು ಅದರ ಮೇಲೆ ನನ್ನ ಅಂಗಿ ನೇತುಹಾಕಿದ್ದೆ.

ಎರಡು ದಿನ ಒಣಗಿಸಿ ಶುಕ್ರವಾರ ಮತ್ತೆ ಪರೀಕ್ಷೆ ಮಾಡಿದೆವು. ಬಹುವಚನ ಗಮನಿಸಿ. ಅಮ್ಮ ಲೋಟದ ನಾಟಕ ಬಿಟ್ಟು ಮೊದಲ ಸಲ ಕುರ್ಚಿ ಎಳೆದುಕೊಂಡು ಬರ್ನರಿನ ಪಕ್ಕ ಕೂತಳು. ಎರಡನೇ ಚೀಲದ್ದೇ ಖದೀಮ ಎಂದಳು, ಆ ದೊಡ್ಡ ದೊಡ್ಡ ಹೊಳೆಯುವ ಹರಳಿನದು. ಕುಲುಮೆಯಲ್ಲಿ ಅರ್ಧ ಗಂಟೆ ಇಟ್ಟು ಜರಡಿ ಹಿಡಿದರೆ ನೂರು ಗ್ರಾಮಿಗೆ ಮೂವತ್ತೊಂದು ಗ್ರಾಮು ಪುಡಿ ಇಳಿಯಿತು. ಮಿಕ್ಕ ಎರಡರದು ಮೂರು ಗ್ರಾಮೂ ದಾಟಲಿಲ್ಲ. ಶಬ್ದದ ಕಲಮಿನಲ್ಲಿ ಅಮ್ಮ ಏನು ಬರೆದಳು ಗೊತ್ತೇ? ‘ಬಾಯಿಬಡುಕ ಕಲ್ಲು.’ ನೀವು ನನ್ನನ್ನು ಕರೆಯುವ ಹೆಸರು ಈಗ ದಾಖಲೆಗೆ ಸೇರಿತು.

ನಿನ್ನೆ ಬೆಳಿಗ್ಗೆ ವರದಿ ಒಯ್ಯಲು ಬಂದ ಯಜಮಾನರಿಗೆ ಎಲ್ಲ ತಿಳಿಯಿತು. ಬೇಜಾರಾಗಬೇಡಿ, ಅಮ್ಮನೇ ಹೇಳಿದಳು. ಅವರು ನಕ್ಕು, “ಅಂತೂ ನನ್ನ ಭಟ್ಟಿ ಉಳಿಸಿದ್ದು ಅಮ್ಮಾವ್ರ ಕಿವಿ ಅನ್ನಿ” ಎಂದು ಅಮ್ಮನಿಗೆ ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿ “ನಿಮ್ಮದು ಹೇಗೆ?” ಎಂದರು. ಸುಮ್ಮನಿರಲಾಗಲಿಲ್ಲ. ಪಂದ್ಯ ಏರ್ಪಾಡಾಯಿತು. ಯಜಮಾನರೇ ಪರೀಕ್ಷಕರು. ಆರು ಕೊಳವೆಗಳಲ್ಲಿ ಆರು ಬಗೆ: ಹರಳುಪ್ಪು, ಸುಣ್ಣದ ಕಲ್ಲು, ಜಿಪ್ಸಂ, ಫ್ಲೋರೈಟ್, ಬರೈಟ್, ಬೆಣಚುಕಲ್ಲು. ಅವರು ತಮಗೆ ತೋಚಿದ ಸರದಿಯಲ್ಲಿ ಕಾಯಿಸುವುದು; ನಾನೂ ಅಮ್ಮನೂ ಬರ್ನರಿಗೆ ಬೆನ್ನು ಹಾಕಿ, ಬೆಂಚಿನ ಮೇಲೆ ಪಕ್ಕಪಕ್ಕ ಕೂತು, ಗೋಡೆಯ ಕ್ಯಾಲೆಂಡರ್ ನೋಡುತ್ತ, ಹೆಸರನ್ನು ಸ್ಲೇಟಿನ ಮೇಲೆ ಬರೆಯುವುದು. ಅಮ್ಮನಿಗೆ ನಿಮ್ಮ ಜೊತೆ ಮಾತಾಡುವ ಸ್ಲೇಟು (ಅದು ಹಾಲಿನ ಲೆಕ್ಕದ್ದೆಂದು ನಾನು ಬಹಳ ಕಾಲ ನಂಬಿದ್ದೆ), ನನಗೆ ತಂಗಿಯ ಬಾಲ್ಯದ್ದು. ಫಲಿತಾಂಶ ಕೇಳಿ: ಅಮ್ಮನಿಗೆ ಆರಕ್ಕೆ ನಾಲ್ಕು. ನಿಮ್ಮ ಮಗನಿಗೂ ಆರಕ್ಕೆ ನಾಲ್ಕು! ಮೂವತ್ತು ವರ್ಷದ ಅನುಭವಕ್ಕೆ ಒಂದು ವಾರದ ಸಾಧನೆ ಭುಜಕ್ಕೆ ಭುಜ ಕೊಟ್ಟು ನಿಂತಿತು. ಇನ್ನೂ ವಿಶೇಷವೆಂದರೆ ಸುಣ್ಣದ ಕಲ್ಲನ್ನು ಅಮ್ಮ ಬರೈಟ್ ಎಂದೂ, ಬರೈಟನ್ನು ಸುಣ್ಣದ ಕಲ್ಲೆಂದೂ ಬರೆದಿದ್ದಳು. ನಾನೂ ಹಾಗೇ ಬರೆದಿದ್ದೆ. ಕಾಲೇಜಿನಲ್ಲಾದರೆ ಇದಕ್ಕೆ ಬೇರೆ ಹೆಸರಿದೆ, ಮನೆಯಲ್ಲಿ ಇದನ್ನು ರಕ್ತಸಂಬಂಧ ಅನ್ನುತ್ತಾರೆ. “ಮೇಷ್ಟ್ರೇ, ನಿಮ್ಮದು ಥೇಟ್ ಅಪ್ಪನ ಕಿವಿ” ಎಂದು ಯಜಮಾನರು ಬೆನ್ನು ತಟ್ಟಿದರು. ಅಂಗಿಯ ಮೇಲೆ ಐದು ಬೆರಳೂ ಬಿಳಿಯಾಗಿ ಮೂಡಿದವು. ಒಗೆಯದೆ ಇಟ್ಟಿದ್ದೇನೆ, ಪದಕದ ಬದಲು.

ಆ ಖುಷಿಯಲ್ಲಿರುವಾಗಲೇ ಮಧ್ಯಾಹ್ನ ನಿಮ್ಮ ಒಂದೂವರೆ ಸಾಲು ಬಂದು ಕೂತಿತು. ಅಮ್ಮ ಎರಡು ಸಲ ಓದಿದಳು. “ಬರಲಿ ಬಿಡು, ಸ್ಲೇಟು ಇದ್ದೇ ಇದೆಯಲ್ಲ” ಎಂದು ಪಂದ್ಯದ ಬರಹವನ್ನೆಲ್ಲ ಸೆರಗಿನಿಂದ ಒರೆಸಿ, ಸ್ಲೇಟನ್ನು ಅದರ ಮೊಳೆಗೆ ನೇತುಹಾಕಿದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು: “ಆ ಸ್ಲೇಟಿನ ಮೇಲೆ ಜಗಳ ಆಡೋಕೆ ಬರಲ್ಲ ಕಣೋ. ಬರೆದು ಮುಗಿಸೋ ಹೊತ್ತಿಗೆ ಕೋಪ ಇಳಿದಿರುತ್ತೆ. ಇಳಿದ ಕೋಪಾನ ಅವರಿಗೆ ತೋರಿಸಿ ಏನು ಪ್ರಯೋಜನ? ಒರೆಸಿಬಿಡ್ತೀನಿ. ಆರು ವರ್ಷದಿಂದ ನಾನು ನಿಮ್ಮಪ್ಪನ್ನ ಸರಿಯಾಗಿ ಬೈದೇ ಇಲ್ಲ.” ಅಪ್ಪ, ಇದಕ್ಕಿಂತ ದೊಡ್ಡ ಪ್ರೇಮಪತ್ರ ನಿಮಗೆ ಈ ಜನ್ಮದಲ್ಲಿ ಬರುವುದಿಲ್ಲ. ನೀವು ಅಲ್ಲಿ ಮೂರು ತಿಂಗಳು ಕೂತರೆ ಅವಳು ನಿಮ್ಮನ್ನು ಬಾಯ್ತುಂಬ ಬೈಯಬಹುದು. ಶನಿವಾರ ಬಂದರೆ ಬರೀ ಸೀಮೆಸುಣ್ಣ.

ಆದ್ದರಿಂದ ವಾದ ಮಂಡಿಸುತ್ತೇನೆ. ಯಂತ್ರ ಹಾಕಿಕೊಂಡರೆ ಬರೀ ಚಟಪಟ ಎಂದಿರಿ. ಒಪ್ಪಿದೆ. ಬೇರೆ ಯಾರಾದರೂ ಹೀಗೆಂದಿದ್ದರೆ ಪಾಪ ಅನ್ನುತ್ತಿದ್ದೆ. ಆದರೆ ಬರೀ ಚಟಪಟದಿಂದ ಇದು ಬರೈಟ್, ಇದು ಉಪ್ಪು, ಈ ಉಪ್ಪು ಸಮುದ್ರದ್ದು ಎಂದು ಇಪ್ಪತ್ತನಾಲ್ಕು ವರ್ಷ ಬೇರ್ಪಡಿಸಿದ ಮನುಷ್ಯ ಹೀಗೆಂದರೆ ಏನನ್ನಲಿ? ಈ ಕೆಲಸಕ್ಕೆ ಭೂಮಿಯ ಮೇಲೆ ನಿಮಗಿಂತ ತಯಾರಾದವರು ಇನ್ನೊಬ್ಬರಿಲ್ಲ. ಮೊದಲ ದಿನ ನಿಮಗೆ ಫ್ಲೋರೈಟು ಫ್ಲೋರೈಟೆಂದು ಕೇಳಿಸಿತ್ತೇ? ಪುಸ್ತಕದ ಮೊದಲ ಪುಟ ನೋಡಿದ್ದೇನೆ. ‘ಏನೋ ಶಬ್ದ. ಗೊತ್ತಾಗಲಿಲ್ಲ’ ಎಂದು ನೀವೇ ಬರೆದಿದ್ದೀರಿ, ಮೂರು ಸಲ.

ಈ ಕಾಗದದ ಜೊತೆ ಒಂದು ಹೊಸ ಪುಸ್ತಕ ಇಟ್ಟಿದ್ದೇನೆ. ಗೆರೆ ಅಮ್ಮ ಎಳೆದದ್ದು, ಅದಕ್ಕೇ ಸ್ವಲ್ಪ ಸೊಟ್ಟ. ತಾರೀಕು, ಮಾತಾಡಿದವರು, ಶಬ್ದ. ಮಗಳು ‘ಅಪ್ಪ, ಊಟ’ ಎಂದರೆ ಯಂತ್ರ ಅದನ್ನು ಏನೆಂದು ಹೇಳುತ್ತದೋ ಹಾಗೇ ಬರೆಯಿರಿ. ಟಿಕ್ ಟಿಕ್ ಚಟ್ ಎಂದರೆ ಟಿಕ್ ಟಿಕ್ ಚಟ್. ಮೊಮ್ಮಗಳದು ಬೇರೆ ಇರುತ್ತದೆ, ಅಳಿಯಂದಿರ ಕೆಮ್ಮು ಬೇರೆ, ಟೀಚರಮ್ಮನದು ಬೇರೆ. ಹತ್ತು ಪುಟ ತುಂಬಲಿ, ಆಮೇಲೆ ನೋಡೋಣ ಅದು ಮನುಷ್ಯರ ಮಾತೋ ಅಲ್ಲವೋ. ಒಂದೇ ಸಲಕ್ಕೆ ಇಡೀ ದಿನ ಹಾಕಿಕೊಂಡು ಸಂತೆಗೆ ಹೋಗಬೇಡಿ. ಕೊಳವೆಯನ್ನು ಮೊದಲು ಉರಿಯ ಪಕ್ಕದಲ್ಲಿ ಆಡಿಸಬೇಕು, ನೇರವಾಗಿ ಒಳಗೆ ಹಿಡಿಯಬಾರದು ಎಂದು ನನ್ನ ಕೈಗೆ ಎಷ್ಟು ಸಲ ಹೊಡೆದಿದ್ದೀರಿ? ಬಾಗಿಲು ಹಾಕಿಕೊಂಡು ಹತ್ತು ನಿಮಿಷ, ಒಬ್ಬರೇ ಒಬ್ಬರ ಮಾತು. ಮರುದಿನ ಹದಿನೈದು. ಈ ಕಿವಿಮಾತನ್ನು ಸದ್ಯಕ್ಕೆ ಕಣ್ಣಿನಿಂದ ಕೇಳಿ.

ಇಲ್ಲಿಯ ಕೆಲಸದ ಚಿಂತೆ ಬೇಡ. ಕಲ್ಲು ಅಮ್ಮ ಕೇಳುತ್ತಾಳೆ, ಜರಡಿ ನಾನು ಹಿಡಿಯುತ್ತೇನೆ, ಸಹಿಯ ಜಾಗ ನಿಮಗಾಗಿ ಖಾಲಿ ಇದೆ. ವರದಿಯಲ್ಲಿ ಇನ್ನು ಮುಂದೆ ಪರೀಕ್ಷಕರು ಇಬ್ಬರು ಎಂದು ಬರೆಯಬೇಕಾಗುತ್ತದೆ, ಅದನ್ನು ನೀವೇ ಬಂದು ಬರೆಯಿರಿ. ಜೂನ್‌ನಲ್ಲಿ. ಅಮ್ಮ ಹೇಳಿ ಕಳಿಸಿದ್ದು: ಮಫ್ಲರ್ ಬಿಡಬೇಡಿ, ಮೊಸರು ರಾತ್ರಿ ಬೇಡ, ಯಂತ್ರದ ಬ್ಯಾಟರಿ ಮೊಮ್ಮಗಳ ಕೈಗೆ ಸಿಗದ ಹಾಗಿಡಿ. ತಂಗಿಗೆ, ಅಳಿಯಂದಿರಿಗೆ ನನ್ನ ನೆನಪು ತಿಳಿಸಿ. ಪಿನ್ನು ಅಂಟಿಸುವವಳಿಗೆ ಎರಡು ಮುತ್ತು, ಒಂದು ಗುದ್ದು. ನಿಮ್ಮ ಕಾಲಿಗೆ ಇಲ್ಲಿಂದಲೇ ನಮಸ್ಕಾರ. ಕಾಲು ಅಲ್ಲೇ ಇರಲಿ, ರೈಲಿನ ಮೆಟ್ಟಿಲು ಮುಟ್ಟದಿರಲಿ.

ನಿಮ್ಮ
ಬಾಯಿಬಡುಕ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಇದನ್ನು ನೀವೊಬ್ಬರೇ ಓದಿ. ಇವತ್ತು ಬೆಳಿಗ್ಗೆ ಕಾಲೇಜಿಗೆ ರಜೆ ಹಾಕಿ ನಿಮ್ಮ ಹಳೆಯ ಕಿವಿ ಡಾಕ್ಟರ ಹತ್ತಿರ ಹೋಗಿದ್ದೆ. ಸದ್ದಿಲ್ಲದ ಆ ಪುಟ್ಟ ಗೂಡಿನಲ್ಲಿ ಕೂರಿಸಿ, ಶಬ್ದ ಕೇಳಿಸಿದಾಗಲೆಲ್ಲ ಗುಂಡಿ ಒತ್ತಿ ಎಂದರು. ನಾನು ಒತ್ತಿದ್ದಕ್ಕಿಂತ ಸುಮ್ಮನೆ ಕೂತದ್ದೇ ಹೆಚ್ಚು. ಕಡೆಗೆ ಅವರು ನಕ್ಷೆಯ ಕಾಗದದಲ್ಲಿ ಮೂಡಿದ ನನ್ನ ಗೆರೆಯ ಪಕ್ಕ ನಿಮ್ಮ ಹಳೆಯ ಕಡತದ ಗೆರೆಯನ್ನಿಟ್ಟು ತೋರಿಸಿದರು. ಎರಡೂ ಒಂದೇ ಕಡೆ ಕೆಳಗಿಳಿಯುತ್ತವೆ, ಸಣ್ಣ ಶಬ್ದಗಳ ಕಡೆ. ಅಜ್ಜನಿಂದ ನಿಮಗೆ, ನಿಮ್ಮಿಂದ ನನಗೆ. ನಿಧಾನವಾಗಿ ಹೋಗುತ್ತದಂತೆ, ಎಷ್ಟು ವರ್ಷ ಎಂದು ಹೇಳಲು ಬರುವುದಿಲ್ಲವಂತೆ. ಅಮ್ಮನಿಗೆ ಇನ್ನೂ ಹೇಳಿಲ್ಲ, ಧೈರ್ಯ ಬಂದ ದಿನ ಹೇಳುತ್ತೇನೆ. ಹೆದರಿಕೆಯಾಗುತ್ತಿದೆ ಅಪ್ಪ. ಮುಂದೊಂದು ದಿನ ನಾನೂ ಅದೇ ಟೀಚರಮ್ಮನ ಮುಂದೆ ಕೂರಬೇಕಾಗುತ್ತದೆ. ಆ ಚಟಪಟದೊಳಗೆ ಯಾರ ಮಾತು ಎಲ್ಲಿದೆ ಎಂದು ಹೇಳಿಕೊಡಲು ಆಗ ನನಗೆ ನೀವು ಬೇಕು. ನೀವು ಕಲಿತು ಬನ್ನಿ.

ಪಂದ್ಯದ ವಿಷಯ ನೀವು ಆಗಲೇ ಹಿಡಿದಿರುತ್ತೀರಿ, ಆದರೂ ಹೇಳಿಬಿಡುತ್ತೇನೆ. ಆರರಲ್ಲಿ ನನಗೆ ಕೇಳಿಸಿದ್ದು ಒಂದೇ, ಆ ಬರೈಟಿನ ಪಟಾರ್. ಅದನ್ನು ಸರಿಯಾಗಿಯೇ ಬರೆದಿದ್ದೆ. ಆಮೇಲೆ ಅಮ್ಮನ ಸ್ಲೇಟು ನೋಡಿ ಅದನ್ನೂ ಒರೆಸಿ, ಮಿಕ್ಕ ಐದರ ಹಾಗೆ ಅವಳು ಬರೆದದ್ದನ್ನೇ ಬರೆದೆ.